ಹಳೇ ಭತ್ತ ಬಿಡಿ ಅನ್ನೋರಿಗೆ

ನನ್ನದು ಮಳೆ ನಂಬಿದ ಹೊಲ, ಕೂರಿಗೆ ಭತ್ತ. ನಾಟಿ ತಳಿಯಲ್ಲಿ ಇಳುವರಿ ಇಲ್ಲ, ಬಿಡಿ ಅನ್ನೋರು ಒಂದು ಮಾತು ಕೇಳಬೇಕು. ಬುಡದಲ್ಲಿ ಕೂತು ರಸ ಹೀರಿ ಗದ್ದೆಯನ್ನೇ ಸುಟ್ಟ ಹಾಗೆ ಮಾಡೋ ಕಂದು ಜಿಗಿಹುಳಕ್ಕೆ ತಡೆ ಸಿಕ್ಕಿದ್ದು ಇಂಥ ತಳಿಗಳಲ್ಲೇ. ನಮ್ಮ ದೇಶದ ಭತ್ತದ ಗುಣ ಹೊತ್ತ ಐ.ಆರ್. 26 ಫಿಲಿಪ್ಪೀನ್ಸಿನಲ್ಲಿ 1973ರಲ್ಲಿ ಬಂತು. ಎರಡು ಮೂರು ವರ್ಷಕ್ಕೆ ಹುಳ ಅದನ್ನೂ ಅರಗಿಸಿಕೊಂಡಿತು. 1976ರ ಐ.ಆರ್. 36ಕ್ಕೆ ಕೇರಳದ ಪಟ್ಟಾಂಬಿಯ ತಳಿ ಬೇಕಾಯ್ತು. ಶೈತ್ಯಾಗಾರದಲ್ಲಿ ಬೀಜ ಇಟ್ಟಿದ್ದಾರೆ, ಸರಿ. ಅಲ್ಲಿಗೆ ಹುಳ ಬರೋದಿಲ್ಲ, ಹೊಲಕ್ಕೆ ಬರುತ್ತೆ.

ನಾನೂ ತಪ್ಪು ಮಾಡಿದವನೇ. ಅಪ್ಪ ಕಾಪಾಡಿದ್ದ ಬೀಜವನ್ನ ಒಂದು ಬರಗಾಲದಲ್ಲಿ ಕುಟ್ಟಿಸಿ ಉಂಡೆವು. ಈಗ ನೆಂಟರಿಂದ ತಂದು ಎರಡು ಗುಂಟೆ ಬಿತ್ತಿದ್ದೀನಿ. ಸಂಶೋಧಕರು ಬೀಜ ಒಯ್ಯುವಾಗ ಬೆಳೆದವನ ಹೆಸರು, ಊರು ಬರಕೊಳ್ಳಲಿ. ಹೊಸ ತಳಿ ಬಂದಾಗ ಒಂದು ಸೇರು ಬೀಜ ಆ ಊರಿಗೂ ಕಳಿಸಲಿ.