ಹೊಲಕ್ಕ ಮುಯ್ಯಾಳು ಅದ, ಜಡ್ಡಿನ ಕೂಸಿಗಿ ಯಾಕಿಲ್ಲ?

ಮಳಿ ಹತ್ತಿತು ಅಂದ್ರ ನಮ್ಮ ಬೀದರ ಓಣ್ಯಾಗ ಒಂದೇ ಮಾತು: "ಅಂಗನವಾಡಿಗಿ ಕಳ್ಸಿದ್ದಕ್ಕೇ ಕೂಸಿಗಿ ಜಡ್ಡು ಹತ್ತಿತು ನೋಡ್ರಿ." ಭಾಲ್ಕಿ ಬೀಗರ ಮನ್ಯಾಗೂ ಅದೇ, ಔರಾದ ಕಡಿನೂ ಅದೇ. ಬೈಗಳ ಎಲ್ಲಾ ಟೀಚರಿಗಿ. ನಂಗ ಈ ಮಾತು ಒಪ್ಪಂಗಿಲ್ಲ. ಭಾಳ ಸಲ ಜಡ್ಡು ನಮ್ಮ ಮನಿಯಿಂದೇ ಕೂಸಿನ ಸಂಗಟ ಅಲ್ಲಿಗಿ ಹೋಗಿರ್ತದ.

ಅಲ್ಲಿ ಇರೋರು ಒಬ್ಬ ಟೀಚರ್, ಒಬ್ಬ ಸಹಾಯಕಿ. ಮೂರರಿಂದ ಆರು ವರ್ಷದ ಪೋರಗೋಳು ಒಂದೇ ಚಾಪಿ ಮ್ಯಾಲ ಕೂಡ್ತಾವ, ಮೂಗು ಒರ್ಸಿದ ಕೈಲೇ ಒಂದೇ ಆಟಿಗಿ ಸಾಮಾನ ಹಿಡೀತಾವ. ಸಂಡಾಸಿನಿಂದ ಬಂದ ಮ್ಯಾಲ, ಉಣ್ಣೋಕಿಂತ ಮೊದ್ಲು ಸಾಬೂನ ಹಚ್ಚಿ ಕೈ ತೊಳ್ಸೋ ರೂಢಿ ಹಾಕಿದ ಶಿಶು ಕೇಂದ್ರಗಳಾಗ ಭೇದಿ ಸುಮಾರು ಮೂರರಾಗ ಒಂದು ಪಾಲು ಕಡಿಮಿ ಆಗ್ಯದ. ಆದ್ರ ತೊಳದ ಕೈ ಎಲ್ಲಾರೂ ಒಂದೇ ಟಾವೆಲಿಗಿ ಒರ್ಸಿದ್ರ ಯಾನ್ ಉಪಯೋಗ? ಕೂಸಿನ ಅಂಗಿಗಿ ಒಂದು ದಸ್ತಿ ಪಿನ್ ಹಚ್ಚಿ ಕಳ್ಸ್ರಿ. ಇದು ಟೀಚರ್ ಕೆಲಸ ಅಲ್ಲ, ನಮ್ದು.

ಸೂಜಿನೂ ನಮ್ದೇ ಕೆಲಸ. ದಡಾರ, ನಾವು ಗೊಬ್ಬರ ಅಂತೀವಲ್ಲ, ಮೈಮ್ಯಾಲ ಗುಳ್ಳಿ ಏಳೋಕ 4 ದಿನ ಮೊದ್ಲೇ ಹಬ್ಬಲಾಕ ಸುರು ಆಗ್ತದ. ಗುಳ್ಳಿ ಕಂಡ ಮ್ಯಾಲ ಮನ್ಯಾಗ ಇಟ್ಕೊಂಡ್ರೆ ಅಷ್ಟರಾಗ ತಡ ಆಗಿರ್ತದ. 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳೊಳಗ ಇನ್ನೊಂದು, ಎರಡೂ ಆಗ್ಲೇಬೇಕು. ಔರಾದ ಕಡಿಂದ ಪುಣೆ, ಹೈದರಾಬಾದಿಗಿ ದುಡ್ಯಾಕ ಹೋಗೋರು ತಾಯಿ ಕಾರ್ಡ್ ಗಂಟಿನ್ಯಾಗ ಇಟ್ಕೊಂಡೇ ಹೋಗ್ರಿ. ಸರ್ಕಾರಿ ದವಾಖಾನ್ಯಾಗ ಆ ಸೂಜಿ ಎಲ್ಲಿ ಹೋದ್ರೂ ಪುಕ್ಕಟ.

ಖರೇ ಅಡಚಣಿ ಬ್ಯಾರೆ ಅದ. "ಜರ ಇದ್ರ ಕಳಿಸಬ್ಯಾಡ್ರಿ" ಅನ್ನೋದು ಸಸಾರ. ಸೋಯಾ ರಾಶಿ ದಿನದಾಗ ತಾಯಿ ಮನ್ಯಾಗ ಕುಂತ್ರ ಆ ದಿನದ ಕೂಲಿ ಹೋಯ್ತು. 2025-26ರಾಗ ರೋಜಗಾರ ಖಾತ್ರಿ ಕೂಲಿ ದಿನಕ್ಕ 370 ರೂಪಾಯಿ. ಆ ಲೆಕ್ಕದಾಗ ಮೂರು ದಿನಕ್ಕ 1,110. ಅದಕ್ಕೇ ಮುಂಜಾನಿ ಔಷಧ ಕುಡ್ಸಿ ಕಳಿಸ್ತಾಳ. ಮಧ್ಯಾಹ್ನಕ್ಕ ಔಷಧದ ಜೋರು ಇಳೀತದ, ಜರ ಏರ್ತದ, ಅಷ್ಟರಾಗ ಬಾಜೂ ಕುಂತ ಪೋರಗೋಳಿಗೂ ಹತ್ತಿರ್ತದ. ಆಕಿಗಿ ಬೈದು ನಮಗ ಯಾನ್ ಸಿಗ್ತದ?

ನಾವು ಹೊಲದಾಗ ಮುಯ್ಯಾಳು ಮಾಡ್ತೀವಿ. ಇವತ್ತು ನಿಮ್ಮ ಹೊಲ, ನಾಳಿಗಿ ನಮ್ಮ ಹೊಲ. ಜಡ್ಡಿನ ಕೂಸಿಗೂ ಹಂಗೇ ಮಾಡಮ್ಮಾ. ಒಂದು ದಿನ ಅಪ್ಪ ಕೂಡ್ಲಿ (ಹೌದ್ರಿ, ಅಪ್ಪನೂ!), ಒಂದು ದಿನ ಅತ್ತಿ, ಒಂದು ದಿನ ಸಣ್ಣ ಪೋರಗೋಳು ಇಲ್ಲದ ಬಾಜೂ ಮನಿ ಕಾಕಿ. ಒಬ್ಬಾಕಿ ಮ್ಯಾಲೇ ಎಲ್ಲಾ ಭಾರ ಹೇರಿದ್ರ ಆಕಿ ಕದ್ದು ಕಳಿಸೋದು ನಿಲ್ಲಂಗಿಲ್ಲ.

ಮತ್ತ ಯಾವಾಗ ಕಳಿಸಬೇಕು? ಔಷಧ ಇಲ್ದೇ 24 ತಾಸು ಜರ ಬರಬಾರದು. ಭೇದಿ ಪೂರಾ ನಿಂತಿರಬೇಕು. ಸೀತಾಳಿ ಸಿಡುಬು ಆದ್ರ ಎಲ್ಲಾ ಗುಳ್ಳಿ ಒಣಗಿ ಹಕ್ಕಳಿ ಕಟ್ಟಿರಬೇಕು. ಭೇದಿ ಇದ್ದಾಗ ಓಆರ್‌ಎಸ್ ದೊಡ್ಡ ಪುಡಕಿ ಒಂದು ಲೀಟರ್ ಕಾಸಿ ಆರ್ಸಿದ ನೀರಿಗಿ ಕಲ್ಸಿ ಸ್ವಲ್ಪ ಸ್ವಲ್ಪ ಕುಡಿಸ್ರಿ. ಡಾಕ್ಟರ್ ಕೊಟ್ಟ ಜಿಂಕ್ ಗುಳಗಿ ಭೇದಿ ನಿಂತ್ರೂ 14 ದಿನ ಬಿಡಬ್ಯಾಡ್ರಿ. ಕೂಸು ಕುಡೀದೇ ಮಂಕಾಗಿ ಬಿದ್ರ, ಭೇದ್ಯಾಗ ರಕ್ತ ಕಂಡ್ರ, ತಡ ಮಾಡದೇ ತಾಲ್ಲೂಕು ದವಾಖಾನಿಗಿ ಇಲ್ಲಾ ಬೀದರಿನ ಬ್ರಿಮ್ಸಿಗಿ ಓಡ್ರಿ.

ಈ ವಾರ ನಿಮ್ಮ ಓಣ್ಯಾಗ ನಾಕು ಮನಿಯವರು ಕೂಡಿ ಯಾವ ದಿನ ಯಾರು ಅಂತ ಮಾತಾಡಿ ಇಟ್ಕೊಳ್ರಿ. ಜಡ್ಡು ಬಂದ ಮ್ಯಾಲ ಮಾತಾಡ್ಲಾಕ ಯಾರಿಗೂ ಪುರ್ಸೊತ್ತು ಇರಂಗಿಲ್ಲ.