ಟರ್ಮಿನಲ್ ಲೆಕ್ಕ ಕುಷ್ಟಗಿ ಬಂಕ್‌ಗೂ ಬರಲಿ



ದೇಶದ ದೊಡ್ಡ ತೈಲ ಟರ್ಮಿನಲ್‌ಗಳಲ್ಲಿ ಈಗ ಟ್ಯಾಂಕಿನ ಮಟ್ಟವನ್ನು ರೇಡಾರ್ ಅಳೆಯುತ್ತದೆ, ಲಾರಿಗೆ ತುಂಬುವ ಪ್ರಮಾಣವನ್ನು ಕಂಪ್ಯೂಟರ್ ನಿಗದಿ ಮಾಡುತ್ತದೆ, ನಿಗದಿಯಷ್ಟು ತುಂಬಿದ ಕೂಡಲೇ ವಾಲ್ವ್ ತಾನಾಗಿ ಮುಚ್ಚಿಕೊಳ್ಳುತ್ತದೆ. ಇದು ನಿಜಕ್ಕೂ ಸ್ವಾಗತಾರ್ಹ. 2009ರ ಅಕ್ಟೋಬರ್ 29ರಂದು ಜೈಪುರದ ಸೀತಾಪುರ ತೈಲ ಡಿಪೋದಲ್ಲಿ ಪೆಟ್ರೋಲ್ ಒಂದು ಗಂಟೆಗೂ ಹೆಚ್ಚು ಕಾಲ ಸೋರಿ ಸ್ಫೋಟಗೊಂಡಿತು. ವಾಲ್ವನ್ನು ದೂರದಿಂದ ಮುಚ್ಚುವ ವ್ಯವಸ್ಥೆ ಅಲ್ಲಿ ಕೆಲಸ ಮಾಡುತ್ತಿರಲಿಲ್ಲ. ನಂತರ ಆ ದುರಂತದ ತನಿಖೆ ನಡೆಸಿದ ಎಂ.ಬಿ. ಲಾಲ್ ಸಮಿತಿ ಒತ್ತಿ ಹೇಳಿದ್ದೂ ಇಂಥ ಸ್ವಯಂಚಾಲಿತ ವ್ಯವಸ್ಥೆಯ ಅಗತ್ಯವನ್ನೇ.

ಆದರೆ ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಬಂಕ್‌ಗಳಿಗೆ ಟ್ಯಾಂಕರ್ ಬಂದಾಗ ನಮಗೆ ಕಾಣುವುದು ಬೇರೆ: ಹುಡುಗನೊಬ್ಬ ಲಾರಿ ಮೇಲೇರಿ, ಬಗ್ಗಿ, ಅಳತೆಗೋಲು ಇಳಿಸುತ್ತಾನೆ, ಕೆಳಗೆ ಗಾಜಿನ ಜಾಡಿಯಲ್ಲಿ ಹೈಡ್ರೋಮೀಟರ್ ತೇಲಿಸಿ ಸಾಂದ್ರತೆ ನೋಡುತ್ತಾರೆ. ಟರ್ಮಿನಲ್‌ನಲ್ಲಿ ದಾಖಲಾದ ಪ್ರಮಾಣ, ಸಾಂದ್ರತೆ, ಲೋಡ್ ಆದ ವೇಳೆ ಗ್ರಾಹಕನಿಗೆ ಏಕೆ ಕಾಣಬಾರದು? ಪ್ರತಿ ಲೋಡ್‌ನ ಈ ವಿವರವನ್ನು ಬಂಕ್‌ನಲ್ಲಿ ಕನ್ನಡದಲ್ಲೇ ಬರೆದು ಹಾಕಲು ತೈಲ ಕಂಪನಿಗಳು ಸೂಚಿಸಲಿ.

ಇನ್ನೊಂದು ಕೋರಿಕೆ. ಕೊಪ್ಪಳ, ಕುಷ್ಟಗಿ ಮೂಲಕ ಹಾದುಹೋಗುವ ಹೆದ್ದಾರಿಗಳಲ್ಲಿ ಟ್ಯಾಂಕರ್ ಉರುಳಿದರೆ ಟರ್ಮಿನಲ್‌ನ ಯಂತ್ರ ಬಂದು ಕಾಯುವುದಿಲ್ಲ. ಜಿಲ್ಲಾಡಳಿತವು ಅಗ್ನಿಶಾಮಕ ಇಲಾಖೆ, ತೈಲ ಕಂಪನಿಗಳನ್ನು ಸೇರಿಸಿಕೊಂಡು ಗಂಗಾವತಿ ಸೇರಿ ಜಿಲ್ಲೆಯ ಎಲ್ಲ ತಾಲ್ಲೂಕುಗಳಲ್ಲಿ ಅಣಕು ಕಾರ್ಯಾಚರಣೆ ನಡೆಸಬೇಕು, ಅಗ್ನಿಶಾಮಕ ಠಾಣೆಗಳಲ್ಲಿ ನೊರೆ ದ್ರಾವಣದ ದಾಸ್ತಾನು ಇದೆಯೇ ಎಂದು ಪರಿಶೀಲಿಸಬೇಕು.

– ಓರ್ವ ಓದುಗ, ಕುಷ್ಟಗಿ