ನಗಿಸಿದ ಪಾಠಕ್ಕೆ ಎಷ್ಟು ಅಂಕ?

ನಮ್ಮ ಶಾಲೆಯಿಂದ ಕಾಲೇಜಿಗೆ ಹೋದ ಮಕ್ಕಳು ರಜೆಯಲ್ಲಿ ಇತ್ತ ಬಂದಾಗ ಅವರ ಬಾಯಿಂದ ಮೊದಲು ಹೊರಡುವ ಮಾತು ಒಂದೇ: ಯಾವ ಪ್ರಾಧ್ಯಾಪಕರು ಚೆನ್ನಾಗಿ ನಗಿಸುತ್ತಾರೆ, ಯಾರ ಪಾಠದಲ್ಲಿ ನಿದ್ದೆ ಬರುತ್ತದೆ ಎಂಬುದು. ನಗಿಸುವವರು ಒಳ್ಳೆಯ ಅಧ್ಯಾಪಕರು ಎಂದು ತೀರ್ಪು ಕೊಟ್ಟೂ ಆಗಿರುತ್ತದೆ. ಈ ತೀರ್ಪು ಈಗ ಬರಿಯ ಹರಟೆಯಾಗಿ ಉಳಿದಿಲ್ಲ. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟವನ್ನು ಅಳೆಯಲು 1994ರಲ್ಲಿ ಸ್ಥಾಪಿತವಾದ ನ್ಯಾಕ್ ಮಂಡಳಿಯು 2017ರಲ್ಲಿ ತನ್ನ ಪರಿಷ್ಕೃತ ಕ್ರಮದೊಳಗೆ ವಿದ್ಯಾರ್ಥಿಗಳ ಸಂತೃಪ್ತಿ ಸಮೀಕ್ಷೆಯನ್ನೂ ಸೇರಿಸಿತು. ನಾಳೆ ಕಾಲೇಜಿನ ಮೆಟ್ಟಿಲೇರುವ ನಮ್ಮ ಮಕ್ಕಳೂ ಅಧ್ಯಾಪಕರಿಗೆ ಅಂಕ ಹಾಕುವವರೇ. ಆದುದರಿಂದ ನಗೆಗೂ ಕಲಿಕೆಗೂ ಇರುವ ಸಂಬಂಧವೇನೆಂದು ಇಲ್ಲಿ ವಿಚಾರ ಮಾಡುವುದು ಅಪ್ರಸ್ತುತವಾಗಲಾರದು.

ಪಾಠದಲ್ಲಿ ಹಾಸ್ಯ ಕೂಡದು ಎನ್ನುವವರು ನಾವಲ್ಲ. ಹೊರನಾಡಿನಲ್ಲಿದ್ದು ಕನ್ನಡದ ಕೀರ್ತಿ ಬೆಳಗಿದ ಬಿ.ಜಿ.ಎಲ್. ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಡುಮೇಡು ಅಲೆದ ಅನುಭವವನ್ನು ಅವರು 'ಹಸುರು ಹೊನ್ನು' ಎಂಬ ಕೃತಿಯಲ್ಲಿ ಬರೆದರು. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಆ ಪುಸ್ತಕದಲ್ಲಿ ವಿನೋದ ಬೇರೆ, ಸಸ್ಯಶಾಸ್ತ್ರ ಬೇರೆ ಎಂದು ಬಿಡಿಸಿ ತೆಗೆಯಲು ಬರುವುದಿಲ್ಲ. ನಕ್ಕು ಮುಗಿಸುವಷ್ಟರಲ್ಲಿ ಒಂದು ಗಿಡದ ಪರಿಚಯವೂ ಆಗಿರುತ್ತದೆ.

ಪಾರ್ತಿಸುಬ್ಬನ ಈ ಮಣ್ಣಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಯಕ್ಷಗಾನದ ಹಾಸ್ಯಗಾರ ಬರಿಯ ನಗೆಗಾಗಿ ರಂಗಕ್ಕೆ ಬರುವವನಲ್ಲ. ದೂತನಾಗಿ ಸುದ್ದಿ ತರುತ್ತಾನೆ, ಬಾಗಿಲ ಕಾವಲುಗಾರನಾಗಿ ಬಂದವರನ್ನು ಪ್ರಶ್ನಿಸುತ್ತಾನೆ, ದೊಡ್ಡ ವೇಷದವರ ದೊಡ್ಡ ಮಾತನ್ನು ಎಲ್ಲರಿಗೂ ತಿಳಿಯುವ ಮಾತಿಗೆ ಇಳಿಸುತ್ತಾನೆ. ಕಥೆಯನ್ನು ಮರೆತು ನಗಿಸಲು ಹೊರಟ ಹಾಸ್ಯಗಾರನನ್ನು ಒಳ್ಳೆಯ ಪ್ರೇಕ್ಷಕರು ಮೆಚ್ಚುವುದಿಲ್ಲ.

ಪರೀಕ್ಷಿಸಿ ನೋಡಿದವರು ಕಂಡುಕೊಂಡುದೂ ಹೆಚ್ಚು ಕಡಿಮೆ ಇದನ್ನೇ. ಅಮೇರಿಕೆಯಲ್ಲಿ ಕಾಪ್ಲನ್ ಮತ್ತು ಪ್ಯಾಸ್ಕೋ ಎಂಬ ಇಬ್ಬರು ಸಂಶೋಧಕರು 508 ಮಂದಿ ಕಾಲೇಜು ವಿದ್ಯಾರ್ಥಿಗಳಿಗೆ ಒಂದೇ ವಿಷಯದ ಉಪನ್ಯಾಸವನ್ನು ಬೇರೆ ಬೇರೆ ರೀತಿಯಲ್ಲಿ ಕೇಳಿಸಿದರು. ಒಂದರಲ್ಲಿ ಹಾಸ್ಯವಿರಲಿಲ್ಲ. ಉಳಿದವುಗಳಲ್ಲಿ ವಿಷಯಕ್ಕೆ ಹೊಂದಿದ ಹಾಸ್ಯ, ವಿಷಯಕ್ಕೆ ಸಂಬಂಧವಿಲ್ಲದ ಹಾಸ್ಯ, ಎರಡೂ ಬೆರೆತ ಹಾಸ್ಯ ಹೀಗೆ ವಿಂಗಡಣೆಯಿತ್ತು. ಉಪನ್ಯಾಸ ಮುಗಿದೊಡನೆ ನಡೆಸಿದ ಪರೀಕ್ಷೆಯಲ್ಲಿ ಹಾಸ್ಯದಿಂದ ಹೆಚ್ಚಿನ ಪ್ರಯೋಜನವೇನೂ ಕಾಣಲಿಲ್ಲ. ಆದರೆ ಆರು ವಾರ ಕಳೆದು ಮತ್ತೆ ಕೇಳಿದಾಗ, ಹಾಸ್ಯದ ಉದಾಹರಣೆಯೊಂದಿಗೆ ಹೆಣೆದುಕೊಂಡ ವಿಷಯವು ಹೆಚ್ಚು ನೆನಪಿನಲ್ಲಿ ಉಳಿದಿತ್ತು. ಇದು 1977ರಲ್ಲಿ ಪ್ರಕಟವಾದ ಫಲಿತಾಂಶ. ನಗೆ ಪಾಠಕ್ಕೆ ಅಂಟಿಕೊಂಡಿದ್ದರೆ ಪಾಠವನ್ನೂ ನೆನಪಿಗೆ ತರುತ್ತದೆ. ಇಲ್ಲವಾದರೆ ತಾನೊಂದೇ ಉಳಿಯುತ್ತದೆ.

ಇನ್ನೊಂದು ಪ್ರಯೋಗ ಇದಕ್ಕಿಂತ ಸ್ವಾರಸ್ಯವಾದುದು. 1970ರಲ್ಲಿ ಕ್ಯಾಲಿಫೋರ್ನಿಯಾದ ಮೂವರು ವಿದ್ವಾಂಸರು ಒಬ್ಬ ನಟನಿಗೆ 'ಡಾಕ್ಟರ್ ಫಾಕ್ಸ್' ಎಂಬ ಬಿರುದು ತೊಡಿಸಿ, ವೈದ್ಯಕೀಯ ಶಿಕ್ಷಣದ ವಿಷಯದಲ್ಲಿ ಉಪನ್ಯಾಸ ಮಾಡಿಸಿದರು. ಆತನ ಮಾತಿನಲ್ಲಿ ಹುರುಳಿರಲಿಲ್ಲ. ಒಂದಕ್ಕೊಂದು ವಿರುದ್ಧವಾದ ಹೇಳಿಕೆಗಳು, ಅರ್ಥವಿಲ್ಲದ ಹೊಸ ಶಬ್ದಗಳು, ನಡುನಡುವೆ ಹಾಸ್ಯ ಇಷ್ಟೇ. ಕೇಳಿದವರಾದರೋ ಮನೋವೈದ್ಯರು, ಶಿಕ್ಷಣಕ್ಷೇತ್ರದ ಅನುಭವಿಗಳು. ಅವರಲ್ಲಿ ಬಹುಮಂದಿ ಉಪನ್ಯಾಸ ಚೆನ್ನಾಗಿತ್ತೆಂದೇ ಬರೆದುಕೊಟ್ಟರು! ಕಲಿತವರೇ ಹೀಗೆ ಮೋಸಹೋದ ಮೇಲೆ ಹದಿನೆಂಟರ ಹರೆಯದವರನ್ನು ದೂರಿ ಫಲವಿಲ್ಲ. ವಿದ್ಯಾರ್ಥಿಗಳು ಕೊಡುವ ಅಂಕಕ್ಕೂ ಅವರು ನಿಜವಾಗಿ ಕಲಿತುದಕ್ಕೂ ಸಂಬಂಧವೇ ಕಾಣದೆಂದು, ಹಿಂದಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಕೆನಡಾದ ಸಂಶೋಧಕರು 2017ರಲ್ಲಿ ತೋರಿಸಿದ್ದಾರೆ.

ನಮ್ಮ ಮಕ್ಕಳ ಮಟ್ಟಿಗೆ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ವಿದ್ಯಾರ್ಥಿ ಕಾಲೇಜಿಗೆ ಹೋದರೆ ಪಾಠ ಇಂಗ್ಲಿಷಿನಲ್ಲಿ, ತಮಾಷೆ ಮಲಯಾಳದಲ್ಲಿ ನಡೆಯುವುದುಂಟು. ಕಠಿಣ ಶಬ್ದವನ್ನು ನಿಘಂಟಿನಲ್ಲಿ ಹುಡುಕಬಹುದು. ತಮಾಷೆಯನ್ನು ಎಲ್ಲಿ ಹುಡುಕುವುದು? ಎಲ್ಲರೂ ನಕ್ಕ ಮೇಲೆ ತಾನೂ ನಗುವ ಮಗುವಿಗೆ ಆ ನಗುವಿನಿಂದ ದೊರೆತುದೇನು? ಅದಕ್ಕಿಂತಲೂ ನೋವಿನ ಸಂಗತಿಯೆಂದರೆ ಉಚ್ಚಾರವನ್ನು ಅಣಕಿಸಿ ತರಗತಿಯನ್ನು ನಗಿಸುವುದು. ಒಮ್ಮೆ ಹಾಗೆ ನಗೆಗೀಡಾದ ಹುಡುಗಿ ಎದ್ದು ನಿಂತು ಸಂದೇಹ ಕೇಳುವ ಧೈರ್ಯವನ್ನು ಮತ್ತೆ ತಂದುಕೊಳ್ಳುವುದು ಸುಲಭವಲ್ಲ.

ಸರಾಸರಿ ಅಂಕದಲ್ಲಿ ಈ ನೋವು ಕಾಣುವುದಿಲ್ಲ. ಅರುವತ್ತು ಮಂದಿಯ ತರಗತಿಯಲ್ಲಿ ಐವತ್ತಾರು ಮಂದಿ ನಕ್ಕು ಐದಕ್ಕೆ ಐದು ಕೊಟ್ಟರೆಂದೂ ನಗೆಗೀಡಾದ ನಾಲ್ವರು ಒಂದೊಂದೇ ಅಂಕ ಕೊಟ್ಟರೆಂದೂ ಭಾವಿಸೋಣ. ಸರಾಸರಿ 4.73! ಆ ಅಧ್ಯಾಪಕರು ಉತ್ತಮರೆನಿಸಿಕೊಳ್ಳುತ್ತಾರೆ. ಆ ನಾಲ್ವರು ಯಾರೆಂದು ಕೇಳುವವರಿಲ್ಲ.

ಹಾಗೆಂದು ವಿದ್ಯಾರ್ಥಿಗಳ ಅಭಿಪ್ರಾಯವನ್ನೇ ಕೇಳಬಾರದೆಂದು ವಾದಿಸುವುದು ಕುಣಿಯಲಾರದವಳು ನೆಲ ಡೊಂಕೆಂದಂತೆ ಆದೀತು. ಕೇಳಲೇಬೇಕು, ಕೇಳುವ ಕ್ರಮ ಬದಲಾಗಬೇಕು. ಪಾಠ ಹಿಡಿಸಿತೇ ಎಂದು ಕೇಳುವುದರ ಬದಲು, ಕೆಲವು ವಾರಗಳ ಬಳಿಕ ಆ ಪಾಠದ ಒಂದು ವಿಷಯವನ್ನು ನಿಮ್ಮ ಮಾತಿನಲ್ಲಿ ವಿವರಿಸಿ ಎಂದು ಕೇಳಲಿ. ತರಗತಿಯಲ್ಲಿ ಸಂದೇಹ ಕೇಳಲು ಅಂಜಿಕೆಯಿದೆಯೇ ಎಂದು ಕೇಳಲಿ. ಉತ್ತರವನ್ನು ಕನ್ನಡದಲ್ಲಿ ಬರೆಯಲು ಅವಕಾಶವಿರಲಿ. ಅನುಭವಿಗಳಾದ ಸಹೋದ್ಯೋಗಿಗಳು ಆಗಾಗ ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ಕೇಳಲಿ. ಇದಕ್ಕೆ ಹಣ ಬೇಡ, ಮನಸ್ಸು ಸಾಕು.

ವಿದ್ಯಾರ್ಥಿ ಮಿತ್ರರೆ, ನಾಳೆ ಅಂಕದ ಹಾಳೆ ನಿಮ್ಮ ಕೈಗೆ ಬಂದಾಗ ಎರಡು ಪ್ರಶ್ನೆಗಳನ್ನು ನಿಮಗೆ ನೀವೇ ಹಾಕಿಕೊಳ್ಳಿರಿ: ಈ ನಗುವಿನೊಂದಿಗೆ ನಾನು ಮನೆಗೆ ಕೊಂಡುಹೋದ ಪಾಠ ಯಾವುದು? ನಾನು ನಗುವಾಗ ನನ್ನ ಪಕ್ಕದಲ್ಲಿ ಕುಳಿತವರೂ ನಗುತ್ತಿದ್ದರೇ? ಇವೆರಡಕ್ಕೂ ಒಳ್ಳೆಯ ಉತ್ತರ ದೊರೆತರೆ ಆ ಗುರುಗಳಿಗೆ ಐದಕ್ಕೆ ಐದನ್ನು ಸಂಕೋಚವಿಲ್ಲದೆ ಕೊಡಿರಿ. ಅಂಥವರ ಸಂಖ್ಯೆ ಹೆಚ್ಚಲೆಂಬುದೇ ನಮ್ಮ ಹಾರೈಕೆ.